ಯಂತ್ರ ಕೊಟ್ಟಿರಿ, ಅದನ್ನು ನಡೆಸುವ ದಾರಿಯನ್ನೂ ಕೊಡಿ: ಕೃಷಿ ಮಂತ್ರಿಗಳಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಕೃಷಿ ಮಂತ್ರಿಗಳಿಗೆ,
ಕೃಷಿ ಹಾಗೂ ತೋಟಗಾರಿಕೆ ಇಲಾಖೆಗಳ ಹಿರಿಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲೂಕಿನ ರೈತ ಮಹಿಳೆ. ಮಳೆ ನಂಬಿದ ಹೊಲದಲ್ಲಿ ಶೇಂಗಾ, ರಾಗಿ ಬೆಳೆಯುತ್ತೇವೆ. ಬೋರ್‌ವೆಲ್ ನೀರಿಗೆ ಸ್ವಲ್ಪ ತರಕಾರಿ, ಸ್ವಲ್ಪ ಅಡಿಕೆ ಇದೆ. ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಒಂದೇ ವಿಷಯ. ರೈತರಿಗೆ ಯಂತ್ರ, ಡ್ರಿಪ್ ಪೈಪು, ಡ್ರೋನ್ ಕೊಡಲು ನೀವು ಪ್ರತಿ ಬಜೆಟ್‌ನಲ್ಲೂ ಹಣ ಇಡುತ್ತೀರಿ. ಆ ಹಣದಲ್ಲಿ ಒಂದು ಪಾಲನ್ನು ತೆಗೆದು ಬೇರೆ ಇಡಿ. ಯಂತ್ರ ಕೆಟ್ಟಾಗ ಸರಿ ಮಾಡುವವರಿಗೆ, ಬಿಡಿಭಾಗಗಳಿಗೆ, ಹೊಲಕ್ಕೇ ಬಂದು ಕಲಿಸುವವರಿಗೆ ಆ ಪಾಲು ಹೋಗಲಿ. ಈಗ ನಮ್ಮ ಕಡೆ ಯಂತ್ರ ಬರುತ್ತದೆ, ಫೋಟೋ ಆಗುತ್ತದೆ. ಮುಂದಿನದಕ್ಕೆ ಜವಾಬ್ದಾರರು ಯಾರೂ ಇರುವುದಿಲ್ಲ.

ಅರ್ಜಿ ಬರೆದುಕೊಟ್ಟಿದ್ದರೆ ಬಹುಶಃ ನನ್ನೊಬ್ಬಳ ಕೆಲಸ ಆಗುತ್ತಿತ್ತು. ಆದರೆ ಈ ತೊಂದರೆ ಹೋಬಳಿ ಹೋಬಳಿಯಲ್ಲೂ ಇದೆ. ಅದಕ್ಕೇ ಎಲ್ಲರೂ ಓದಲಿ ಅಂತ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತನ್ನು ಬದಿಗಿಡಬೇಕು. ರೈತರು ಹೊಸದನ್ನು ಒಪ್ಪುವುದಿಲ್ಲ, ಅವರಿಗೆ ತಿಳುವಳಿಕೆ ಕಡಿಮೆ ಎಂದು ಸಭೆಗಳಲ್ಲಿ ಆಗಾಗ ಹೇಳುತ್ತಾರೆ. ಕೇಳಿದಾಗ ನಿಜಕ್ಕೂ ನೋವಾಗುತ್ತದೆ. ಕೋಲಾರದ ರೈತರು ಸಾವಿರ ಅಡಿ ದಾಟಿದ ಬೋರ್‌ವೆಲ್‌ನಲ್ಲಿ ಬರುವ ಒಂದಿಷ್ಟು ನೀರಿಗೆ ಡ್ರಿಪ್ ಹಾಕಿ, ಮಲ್ಚಿಂಗ್ ಹಾಳೆ ಹಾಸಿ, ದೇಶಕ್ಕೆಲ್ಲ ಟೊಮೆಟೊ ಕಳಿಸುತ್ತಿದ್ದಾರೆ. ದಾವಣಗೆರೆ, ಹಾವೇರಿ ಕಡೆ ಮುಸುಕಿನ ಜೋಳದ ಹೈಬ್ರಿಡ್ ಬೀಜ ಎಷ್ಟು ಬೇಗ ಹರಡಿತು ನೋಡಿ. ಯಾರೂ ಬಲವಂತ ಮಾಡಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ನೀರು ತಡವಾಗಿ ಬರತೊಡಗಿದಾಗ ರಾಯಚೂರು ಜಿಲ್ಲೆಯ ಎಷ್ಟೋ ರೈತರು ಸಸಿ ಮಡಿ ಮಾಡುವುದನ್ನೇ ಬಿಟ್ಟರು. ಒಣ ಭೂಮಿಗೆ ಕೂರಿಗೆಯಲ್ಲಿ ನೇರವಾಗಿ ಭತ್ತ ಬಿತ್ತಿದರು. ನಾಟಿಯ ಕೂಲಿ ಉಳಿಯಿತು, ನೀರೂ ಉಳಿಯಿತು. ಕಳೆ ಜಾಸ್ತಿಯಾಯಿತು, ಅದಕ್ಕೂ ದಾರಿ ಹುಡುಕುತ್ತಿದ್ದಾರೆ. ಅದೇ ಸೀಮೆಯಲ್ಲಿ ಭತ್ತ ಬಲಿತ ಕೂಡಲೇ ತಮಿಳುನಾಡಿನಿಂದ ಕೊಯ್ಲು ಯಂತ್ರಗಳು ಲಾರಿ ಮೇಲೆ ಬಂದಿಳಿಯುತ್ತವೆ. ಗಂಟೆಗೆ ಇಷ್ಟು ಅಂತ ಬಾಡಿಗೆ. ಯಂತ್ರದ ಜೊತೆ ಡ್ರೈವರ್ ಬರುತ್ತಾನೆ, ಬೆಲ್ಟು, ಬ್ಲೇಡು, ಬೇರಿಂಗ್ ಎಲ್ಲ ಬರುತ್ತವೆ. ಗದ್ದೆಯಲ್ಲೇ ಬಿಚ್ಚಿ ಗದ್ದೆಯಲ್ಲೇ ಜೋಡಿಸುತ್ತಾರೆ. ಅದಕ್ಕೆ ಯಾವ ಸಹಾಯಧನವೂ ಇಲ್ಲ. ಆದರೂ ಪ್ರತಿ ವರ್ಷ ನಡೆಯುತ್ತಿದೆ.

ನಮ್ಮ ಕಡೆ ರಾಗಿ ತೆನೆಯನ್ನು ಡಾಂಬರು ರಸ್ತೆ ಮೇಲೆ ಹಾಸುವುದನ್ನು ನೀವೂ ನೋಡಿರುತ್ತೀರಿ. ಅದು ತಪ್ಪು, ಬೈಕಿನವರು ಜಾರಿ ಬೀಳುತ್ತಾರೆ, ಪ್ರಾಣವೂ ಹೋಗಿದೆ. ಆದರೂ ಯಾಕೆ ಹಾಸುತ್ತಾರೆ? ಕಣ ಮಾಡಲು ಜಾಗವಿಲ್ಲ, ರೋಣಗಲ್ಲು ಎಳೆಯಲು ಎತ್ತಿಲ್ಲ, ಒಕ್ಕಣೆ ಯಂತ್ರ ಬೇಕಾದ ದಿನ ಸಿಗುವುದಿಲ್ಲ. ಬಸ್ಸು ಲಾರಿಗಳ ಚಕ್ರವನ್ನೇ ಒಕ್ಕಣೆ ಯಂತ್ರ ಮಾಡಿಕೊಂಡಿದ್ದಾರೆ. ಹೊಸದಕ್ಕೆ ಹೆದರುವ ಜನ ಹೀಗೆ ಮಾಡುತ್ತಾರಾ? ಕಡಿಮೆ ಖರ್ಚಿನಲ್ಲಿ, ಸಮಯಕ್ಕೆ ಸರಿಯಾಗಿ ಸಿಗುವ ಯಾವುದನ್ನಾದರೂ ರೈತರು ಕೈಗೆತ್ತಿಕೊಳ್ಳುತ್ತಾರೆ. ನೀವು ಕೊಡುವ ಯಂತ್ರ ಆ ಲೆಕ್ಕಕ್ಕೆ ಬರಬೇಕು, ಅಷ್ಟೇ.

ಈಗ ಹದದ ವಿಷಯಕ್ಕೆ, ಅಂದರೆ ಬಿತ್ತಲು ಬೇಕಾದಷ್ಟು ತೇವ ನೆಲದಲ್ಲಿರುವ ಹೊತ್ತಿನ ವಿಷಯಕ್ಕೆ ಬರುತ್ತೇನೆ. ಈ ಪತ್ರದಲ್ಲಿ ನನಗೆ ಅತಿ ಮುಖ್ಯವಾದದ್ದು ಇದೇ.

ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲಿ ಒಂದು. ನಮ್ಮದು ಹೆಚ್ಚಾಗಿ ಕೆಂಪು ಮಸಾರಿ ನೆಲ. ಜೂನ್ ಕೊನೆಗೋ ಜುಲೈನಲ್ಲೋ ಒಂದು ಒಳ್ಳೆ ಮಳೆ ಬಂದರೆ ನೆಲ ಎರಡು ಮೂರು ದಿನ ಹದವಾಗಿರುತ್ತದೆ. ಬಿಸಿಲು, ಗಾಳಿ ಜೋರಾಗಿದ್ದರೆ ಅಷ್ಟೂ ಇರುವುದಿಲ್ಲ. ಅಷ್ಟರಲ್ಲಿ ಬೀಜ ನೆಲ ಸೇರಿದರೆ ಸಾಲು ಒಂದೇ ಸಮ ಹುಟ್ಟುತ್ತದೆ. ತಪ್ಪಿದರೆ ಇನ್ನೊಂದು ಮಳೆಗೆ ಕಾಯಬೇಕು. ಆ ಮಳೆ ಹದಿನೈದು ದಿನ ಬಿಟ್ಟು ಬರಬಹುದು, ತಿಂಗಳು ಬಿಟ್ಟು ಬರಬಹುದು. ತಡವಾಗಿ ಬಿತ್ತಿದ ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಡುತ್ತದೆ. ಹೊಟ್ಟು ಸಿಗುತ್ತದೆ, ಕಾಯಿ ಸಿಗುವುದಿಲ್ಲ.

ಹಾಗಾಗಿ ಮಳೆ ನಂಬಿದ ರೈತರಿಗೆ ಯಂತ್ರದಿಂದ ಆಗುವ ದೊಡ್ಡ ಲಾಭ ಕೂಲಿ ಉಳಿತಾಯ ಅಲ್ಲ. ಎತ್ತಿನ ಕೂರಿಗೆಯಲ್ಲಿ ಇಡೀ ದಿನ ಹಿಡಿಯುವ ಕೆಲಸ ಟ್ರ್ಯಾಕ್ಟರ್ ಕೂರಿಗೆಯಲ್ಲಿ ಒಂದೆರಡು ಗಂಟೆಗೆ ಮುಗಿಯುತ್ತದೆ. ಹದ ಆರುವ ಮುಂಚೆ ಬಿತ್ತನೆ ಮುಗಿಸಬಹುದು. ಅದೇ ಯಂತ್ರ ಹದದ ದಿನ ಕೆಟ್ಟು ನಿಂತರೆ? ಕಾರು ಕೆಟ್ಟರೆ ನಾಳೆ ಹೋಗಬಹುದು. ಬಿತ್ತುವ ಯಂತ್ರ ಕೆಟ್ಟರೆ ಆ ವರ್ಷವೇ ಹೋಗುತ್ತದೆ.

ರಾಜ್ಯದಲ್ಲಿ 2014-15ರಲ್ಲಿ ಕೃಷಿ ಯಂತ್ರಧಾರೆ ಶುರುವಾಯಿತು. ಹೋಬಳಿ ಮಟ್ಟದಲ್ಲಿ ಬಾಡಿಗೆಗೆ ಯಂತ್ರ ಸಿಗಲಿ ಎನ್ನುವ ಆಲೋಚನೆ ಬಹಳ ಒಳ್ಳೆಯದು. ಅದನ್ನು ತಂದವರಿಗೆ ನಾನು ಕೃತಜ್ಞಳಾಗಿದ್ದೇನೆ. 2015-16ರ ಕೃಷಿ ಗಣತಿ ಪ್ರಕಾರ ಕರ್ನಾಟಕದಲ್ಲಿ ಒಂದು ಹಿಡುವಳಿಯ ಸರಾಸರಿ 1.36 ಹೆಕ್ಟೇರ್. ಅಂದರೆ ಮೂರು ಎಕರೆ ಚಿಲ್ಲರೆ. ದೇಶದ ಸರಾಸರಿ ಇನ್ನೂ ಕಡಿಮೆ, 1.08 ಹೆಕ್ಟೇರ್. ಇಷ್ಟು ನೆಲ ಇಟ್ಟುಕೊಂಡು ಏಳೆಂಟು ಲಕ್ಷದ ಟ್ರ್ಯಾಕ್ಟರ್ ಕೊಂಡರೆ ಕಂತು ಕಟ್ಟುವುದರಲ್ಲೇ ಆಯುಷ್ಯ ಮುಗಿಯುತ್ತದೆ. ಬಾಡಿಗೆಯೇ ಸರಿಯಾದ ದಾರಿ.

ತೊಂದರೆ ಏನೆಂದರೆ, ಹದ ಎಲ್ಲರಿಗೂ ಒಂದೇ ದಿನ ಬರುತ್ತದೆ. ಹೋಬಳಿಯ ಮೂವತ್ತು ನಲವತ್ತು ಹಳ್ಳಿಗೆ ಕೇಂದ್ರದಲ್ಲಿರುವ ಕೂರಿಗೆಗಳು ಬೆರಳೆಣಿಕೆಯಷ್ಟು. ಉಳಿದ ಹನ್ನೊಂದು ತಿಂಗಳು ಅವು ಸುಮ್ನೆ ನಿಂತಿರುತ್ತವೆ. ಬೇಕಾದ ವಾರದಲ್ಲಿ ಎಲ್ಲರೂ ಫೋನ್ ಹಿಡಿದು ಕೂರುತ್ತಾರೆ. ಯಂತ್ರ ಮೊದಲು ಯಾರ ಹೊಲಕ್ಕೆ ಹೋಗುತ್ತದೆ ಎನ್ನುವುದು ನಿಮಗೂ ಗೊತ್ತು, ನಮಗೂ ಗೊತ್ತು. ದೊಡ್ಡ ಹೊಲ, ರಸ್ತೆ ಪಕ್ಕದ ಹೊಲ, ಮಾತಾಡಬಲ್ಲ ಮನೆಯವರ ಹೊಲ. ಎರಡು ಎಕರೆಯ ಒಂಟಿ ಹೆಂಗಸಿನ ಹೊಲಕ್ಕೆ ಅದು ಬರುವ ಹೊತ್ತಿಗೆ ನೆಲ ಆರಿರುತ್ತದೆ.

ಅದರ ಮೇಲೆ ರಿಪೇರಿ. ಒಂದು ಮುಂಗಾರಿನಲ್ಲಿ ನಾವು ಬಾಡಿಗೆಗೆ ಹೇಳಿಟ್ಟಿದ್ದ ಕೂರಿಗೆಯ ಬೀಜದ ಪೆಟ್ಟಿಗೆಯೊಳಗೆ ಕಾಳು ಎತ್ತಿ ಹಾಕುವ ಪ್ಲಾಸ್ಟಿಕ್ ಚಕ್ರ ಮುರಿಯಿತು. ಅಂಗೈ ಅಗಲದ ವಸ್ತು. ಬಾಡಿಗೆ ಕೇಂದ್ರದಲ್ಲಿ ಇರಲಿಲ್ಲ. ಚಳ್ಳಕೆರೆ, ಚಿತ್ರದುರ್ಗ ಎರಡೂ ಕಡೆ ಸಿಗಲಿಲ್ಲ. ಯಂತ್ರ ತಯಾರಾದ ಊರಿನಿಂದಲೇ ಬರಬೇಕಿತ್ತು. ಅದು ಬಂದಿದ್ದು ಹದ ಹೋದ ಮೇಲೆ. ಆ ವರ್ಷ ನಮ್ಮ ಸುತ್ತಿನ ಎಷ್ಟೋ ಹೊಲಗಳಿಗೆ ತಡವಾಗಿ ಬಿತ್ತನೆ ಆಯಿತು. ಕೇಂದ್ರದ ಹುಡುಗರನ್ನು ನಾನು ದೂರುವುದಿಲ್ಲ. ಅವರಿಗೆ ಯಂತ್ರ ಕೊಟ್ಟಿದ್ದರು, ಬಿಡಿಭಾಗದ ಪೆಟ್ಟಿಗೆ ಕೊಟ್ಟಿರಲಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಶೇಂಗಾ ನಡುವೆ ತೊಗರಿ, ಅಲಸಂದೆ ಅಕ್ಕಡಿ ಸಾಲು ಹಾಕುತ್ತೇವೆ. ಶೇಂಗಾ ಕೈಕೊಟ್ಟ ವರ್ಷ ಸಾರಿಗೆ ಬೇಳೆಯಾದರೂ ಇರುತ್ತದೆ. ಸಹಾಯಧನದಲ್ಲಿ ಬರುವ ಹೆಚ್ಚಿನ ಕೂರಿಗೆಗಳಲ್ಲಿ ಒಂದೇ ಬೀಜದ ಪೆಟ್ಟಿಗೆ. ಅಕ್ಕಡಿಗೆ ಜಾಗವೇ ಇಲ್ಲ. ನಮ್ಮ ಕಡೆಯ ವೆಲ್ಡಿಂಗ್ ಶಾಪಿನವರು ಅದಕ್ಕೆ ಹಿಂದೆ ಒಂದು ಬಟ್ಟಲು, ಒಂದು ಪೈಪು ಕಟ್ಟಿಕೊಡುತ್ತಾರೆ. ಒಬ್ಬ ಹೆಂಗಸು ಹಿಂದೆ ಕೂತು ಕಾಳು ಬಿಡುತ್ತಾಳೆ. ಕೆಲಸ ಚೆನ್ನಾಗಿ ಆಗುತ್ತದೆ. ಧಾರವಾಡ, ರಾಯಚೂರು, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಒಳ್ಳೊಳ್ಳೆ ಎಂಜಿನಿಯರುಗಳಿದ್ದಾರೆ. ಅವರು ಈ ವೆಲ್ಡಿಂಗ್ ಶಾಪುಗಳಿಗೆ ಬಂದು ಕೂತು ನೋಡಲಿ ಎನ್ನುವುದು ನನ್ನ ಬಹುದಿನದ ಆಸೆ. ಯಾವ ಯಂತ್ರ ಎಲ್ಲಿ ಮುರಿಯುತ್ತದೆ, ಯಾವುದನ್ನು ರೈತರು ಬದಲಾಯಿಸಿಕೊಳ್ಳುತ್ತಾರೆ ಎನ್ನುವ ಲೆಕ್ಕ ಅಲ್ಲಿರುವಷ್ಟು ಬೇರೆಲ್ಲೂ ಇಲ್ಲ.

ಡ್ರಿಪ್ ಕಥೆಯೂ ಇದೇ. ನಮ್ಮ ರಾಜ್ಯದಲ್ಲಿ ಎರಡು ಹೆಕ್ಟೇರ್‌ವರೆಗೆ ಶೇಕಡ 90ರಷ್ಟು ಸಹಾಯಧನ ಕೊಡುತ್ತಾ ಬಂದಿದ್ದೀರಿ. ದೊಡ್ಡ ಉಪಕಾರ. ಆದರೆ ಪೈಪು ಹಾಸಿ ಹೋದ ಮೇಲೆ ಏನಾಗುತ್ತದೆ ಎಂದು ಬಂದು ನೋಡಿ. ನಮ್ಮ ಬೋರ್‌ವೆಲ್ ನೀರು ಗಡಸು. ಒಂದೆರಡು ವರ್ಷದಲ್ಲಿ ಹನಿ ಬೀಳುವ ತೂತುಗಳಲ್ಲಿ ಸುಣ್ಣ ಕಟ್ಟುತ್ತದೆ. ಫಿಲ್ಟರ್ ತೊಳೆಯಬೇಕು, ಪೈಪಿನ ತುದಿ ಬಿಚ್ಚಿ ನೀರು ಬಿಡಬೇಕು, ಆಗಾಗ ಆಸಿಡ್ ಬಿಟ್ಟು ಸುಣ್ಣ ಕರಗಿಸಬೇಕು. ಆಸಿಡ್ ಎಷ್ಟು ಬಿಡಬೇಕು, ಹೇಗೆ ಬಿಡಬೇಕು ಎಂದು ಯಾರಾದರೂ ಹೊಲದಲ್ಲಿ ನಿಂತು ತೋರಿಸಬೇಕು. ತಪ್ಪಾದರೆ ಕೈ ಸುಡುತ್ತದೆ, ಬೇರೂ ಸುಡುತ್ತದೆ. ಪೈಪು ಹಾಕಿದವರು ಒಂದು ಪುಸ್ತಕ ಕೊಟ್ಟು ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಅದರಲ್ಲಿ ಕನ್ನಡ ಇದ್ದರೂ ಓದಿ ಆಸಿಡ್ ಬಿಡುವ ಧೈರ್ಯ ಯಾರಿಗಿದೆ?

ನಮ್ಮ ಹೊಲಕ್ಕೆ ಡ್ರಿಪ್ ಹಾಕಿದ ಏಜೆನ್ಸಿಯವರಿಗೆ ಫೋನ್ ಮಾಡಿದರೆ ಮೊದಲು ನಾಳೆ ಬರುತ್ತೇವೆ ಅಂದರು, ಆಮೇಲೆ ಆ ನಂಬರೇ ಹೋಗಲಿಲ್ಲ. ಕರೆಂಟೂ ಇದಕ್ಕೆ ಸೇರಿಕೊಳ್ಳುತ್ತದೆ. ತ್ರೀ ಫೇಸ್ ಕೊಡುವುದು ಕೆಲವೇ ಗಂಟೆ, ಅದೂ ಎಷ್ಟೋ ದಿನ ರಾತ್ರಿ. ಕತ್ತಲಲ್ಲಿ ಯಾವ ಪೈಪು ಒಡೆದಿದೆ, ಯಾವ ಸಾಲಿಗೆ ನೀರು ಹೋಗುತ್ತಿಲ್ಲ ಎಂದು ಹೇಗೆ ಗೊತ್ತಾಗಬೇಕು? ಇಲಿ, ಅಳಿಲು ಕಡಿದ ಪೈಪಿನಿಂದ ರಾತ್ರಿಯೆಲ್ಲ ನೀರು ಸುರಿದಿರುತ್ತದೆ. ಕೊನೆಗೆ ಸಾಕಾಗಿ ರೈತರು ಪೈಪು ಸುತ್ತಿ ಬದಿಗೆ ಹಾಕಿ, ಕಾಲುವೆ ಮಾಡಿ ನೀರು ಹಾಯಿಸುತ್ತಾರೆ. ಅದೇ ಸರ್ವೆ ನಂಬರಿಗೆ ಮತ್ತೆ ಸಹಾಯಧನ ಸಿಗಬೇಕಾದರೆ ಏಳು ವರ್ಷ ಕಾಯಬೇಕು. ಪೈಪು ಅಷ್ಟು ವರ್ಷ ಬಾಳಬೇಕಾದರೆ ನೋಡಿಕೊಳ್ಳುವವರು ಬೇಕಲ್ವಾ? ಇಲಾಖೆಯ ಲೆಕ್ಕದಲ್ಲಿ ಮಾತ್ರ ಆ ಹೊಲ ಡ್ರಿಪ್ ಆದ ಹೊಲ.

ಬಾಗಲಕೋಟೆ ಜಿಲ್ಲೆ ಹುನಗುಂದದ ರಾಮಥಾಳ ಯೋಜನೆ ಬಗ್ಗೆಯೂ ಇಲ್ಲಿ ಕೇಳಬೇಕು. ನಾರಾಯಣಪುರ ಜಲಾಶಯದ ಹಿನ್ನೀರು ಎತ್ತಿ 24,000 ಹೆಕ್ಟೇರ್‌ಗೆ ಡ್ರಿಪ್ ಮೂಲಕ ಕೊಡುವ ಯೋಜನೆ ಅದು. ಏಷ್ಯಾದಲ್ಲೇ ದೊಡ್ಡದು ಎಂದು ಸರ್ಕಾರ ಹೆಮ್ಮೆಯಿಂದ ಹೇಳಿತ್ತು. ಇವತ್ತು ಅಲ್ಲಿ ಎಷ್ಟು ಎಕರೆಗೆ ಹನಿ ಬೀಳುತ್ತಿದೆ, ಎಷ್ಟು ಕಡೆ ಪೈಪು ರಿಪೇರಿಗೆ ಕಾಯುತ್ತಿದೆ, ಅದನ್ನು ನೋಡಿಕೊಳ್ಳುವ ಹೊಣೆ ಯಾರದು ಎನ್ನುವುದನ್ನು ಹಳ್ಳಿವಾರು ಜನರ ಮುಂದಿಡಿ. ಮುಂದೆ ಇಂಥ ಯೋಜನೆ ಮಾಡುವವರಿಗೆಲ್ಲ ಆ ಲೆಕ್ಕ ಬೇಕಾಗುತ್ತದೆ.

ಈ ತೊಂದರೆ ನಮ್ಮ ದೇಶಕ್ಕೆ ಮಾತ್ರ ಬಂದದ್ದಲ್ಲ. ಬಡ ದೇಶಗಳು ಯಂತ್ರದ ಬೇಸಾಯಕ್ಕೆ ಇಳಿದಾಗಲೆಲ್ಲ ಇದೇ ಪ್ರಶ್ನೆ ಎದ್ದಿದೆ. ಘಾನಾ 1957ರಲ್ಲಿ ಸ್ವತಂತ್ರವಾಯಿತು. 1960ರ ದಶಕದಲ್ಲಿ ಅಲ್ಲಿನ ಸರ್ಕಾರ ಸರ್ಕಾರಿ ತೋಟಗಳನ್ನು ಶುರು ಮಾಡಿ ಸೋವಿಯತ್ ಒಕ್ಕೂಟ ಮತ್ತು ಪೂರ್ವ ಯುರೋಪಿನಿಂದ ಟ್ರ್ಯಾಕ್ಟರ್‌ಗಳನ್ನು ತರಿಸಿತು. ಒಂದೊಂದು ದೇಶದ್ದು ಒಂದೊಂದು ಮಾದರಿ. ಬಿಡಿಭಾಗ ಇಲ್ಲ, ಕಲಿತ ಮೆಕ್ಯಾನಿಕ್ ಇಲ್ಲ. ಸಣ್ಣ ರಿಪೇರಿಗೂ ಟ್ರ್ಯಾಕ್ಟರ್‌ಗಳು ನಿಂತಲ್ಲೇ ನಿಂತವು. ಆಫ್ರಿಕಾದ ಬೇರೆ ಹಲವು ದೇಶಗಳಲ್ಲೂ ಸರ್ಕಾರವೇ ನಡೆಸಿದ ಟ್ರ್ಯಾಕ್ಟರ್ ಬಾಡಿಗೆ ಕೇಂದ್ರಗಳು ಇದೇ ಕಾರಣಕ್ಕೆ ಮುಚ್ಚಿಹೋದವು. ಅಲ್ಲಿನ ರೈತರಿಗೆ ಟ್ರ್ಯಾಕ್ಟರ್ ಬೇಡವಾಗಿರಲಿಲ್ಲ. ಓಡುವ ಟ್ರ್ಯಾಕ್ಟರ್ ಅವರ ಕೈಗೆ ಸಿಗಲಿಲ್ಲ.

ಬಾಂಗ್ಲಾದೇಶದಲ್ಲಿ ನಡೆದದ್ದು ಬೇರೆ. 1988ರ ದೊಡ್ಡ ಪ್ರವಾಹದಲ್ಲಿ ಅಲ್ಲಿ ಉಳುವ ದನಗಳು ಬಹಳ ಸತ್ತವು. ಇಂಥದ್ದೇ ಕಂಪನಿಯ ಎಂಜಿನ್ ತರಬೇಕು ಎಂದಿದ್ದ ಆಮದು ನಿಯಮಗಳನ್ನು ಸರ್ಕಾರ ಸಡಿಲ ಮಾಡಿತು. ಚೀನಾದಿಂದ ಅಗ್ಗದ ಪವರ್ ಟಿಲ್ಲರ್, ಡೀಸೆಲ್ ಎಂಜಿನ್ ಬಂದವು. ಅವು ಜಪಾನಿನ ಯಂತ್ರದಷ್ಟು ಬಾಳಿಕೆ ಬರುತ್ತಿರಲಿಲ್ಲ, ನಿಜ. ಆದರೆ ಹಳ್ಳಿ ಮೆಕ್ಯಾನಿಕ್ ಅದನ್ನು ಬಿಚ್ಚಬಲ್ಲವನಾಗಿದ್ದ. ಬೊಗುರಾ ಎನ್ನುವ ಪಟ್ಟಣದಲ್ಲಿ ಬಿಡಿಭಾಗ ಎರಕ ಹೊಯ್ಯುವ ಸಣ್ಣ ಕಾರ್ಖಾನೆಗಳು ಸಾಲಾಗಿ ಎದ್ದವು. ಟಿಲ್ಲರ್ ಕೊಂಡವರು ತಮ್ಮ ಗದ್ದೆ ಉತ್ತು, ಉಳಿದ ದಿನ ಅಕ್ಕಪಕ್ಕದವರ ಗದ್ದೆಯನ್ನು ಬಾಡಿಗೆಗೆ ಉತ್ತರು. ಅಲ್ಲಿನ ಹಿಡುವಳಿ ನಮ್ಮದಕ್ಕಿಂತ ಸಣ್ಣದು. ಆದರೂ ಇವತ್ತು ಉಳುಮೆಯ ಬಹುಪಾಲು ಯಂತ್ರದಲ್ಲೇ ನಡೆಯುತ್ತದೆ. ಸ್ವಂತ ಯಂತ್ರ ಇರುವವರು ಕಡಿಮೆ, ಯಂತ್ರ ಬಳಸುವವರು ಹೆಚ್ಚುಕಡಿಮೆ ಎಲ್ಲರೂ. ಅಲ್ಲಿ ಎಲ್ಲವೂ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ. ರಿಪೇರಿ ಹತ್ತಿರ ಬಂದಾಗ ಯಂತ್ರವೂ ಹತ್ತಿರ ಬಂತು ಎನ್ನುವುದನ್ನು ನೋಡಿ ಅಂತ ಕೇಳುತ್ತಿದ್ದೇನೆ.

ನಮಗೆ ಅವರಿಗಿಂತ ಅನುಕೂಲ ಜಾಸ್ತಿ ಇದೆ. ಬೆಂಗಳೂರಿನಲ್ಲೇ 1960ರ ದಶಕದಿಂದ ಪವರ್ ಟಿಲ್ಲರ್ ತಯಾರಿಸುವ ಕಂಪನಿ ಇದೆ. ತಾಲೂಕು ತಾಲೂಕಿಗೂ ಐಟಿಐ ಇದೆ. ಅವುಗಳಲ್ಲಿ 150 ಸರ್ಕಾರಿ ಐಟಿಐಗಳನ್ನು ಇತ್ತೀಚೆಗೆ ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೆ ಏರಿಸಿದ್ದೀರಿ. ಟ್ರ್ಯಾಕ್ಟರ್ ಮೆಕ್ಯಾನಿಕ್ ಕೋರ್ಸ್ ಪಟ್ಟಿಯಲ್ಲಿ ಇದೆ, ಕೃಷಿ ಯಂತ್ರಗಳ ಮೆಕ್ಯಾನಿಕ್ ಕೋರ್ಸೂ ಇದೆ. ನಮ್ಮ ಹಳ್ಳಿಯ ಹುಡುಗರು ಐಟಿಐ ಮುಗಿಸಿ ಬೆಂಗಳೂರಿನ ಕಾರ್ಖಾನೆಗಳಲ್ಲಿ ಹನ್ನೆರಡು ಗಂಟೆ ದುಡಿದು, ಬಾಡಿಗೆ ರೂಮಿಗೆ ಅರ್ಧ ಸಂಬಳ ಕೊಡುತ್ತಿದ್ದಾರೆ. ಹೋಬಳಿಯಲ್ಲೇ ಒಂದು ವರ್ಕ್‌ಶಾಪ್ ಹಾಕಿಕೊಳ್ಳಲು ಜಾಗ, ಸಾಲ, ಮೊದಲೆರಡು ವರ್ಷ ಒಂದು ಖಾತ್ರಿ ಆದಾಯ ಕೊಟ್ಟರೆ ಎಷ್ಟು ಜನ ವಾಪಸ್ ಬರುತ್ತಾರೆ! ರೈತ ಸಂಪರ್ಕ ಕೇಂದ್ರದ ಪಕ್ಕದಲ್ಲೇ ಒಂದು ಶೆಡ್ಡು ಸಾಕು.

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್, ಡ್ರಿಪ್, ಸ್ಪ್ರಿಂಕ್ಲರ್ ಮೇಲಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿಯಿತು. ಟ್ರ್ಯಾಕ್ಟರ್ ಟೈರು, ಬಿಡಿಭಾಗಗಳ ಮೇಲಿದ್ದ ಶೇಕಡ 18 ಕೂಡ 5ಕ್ಕೆ ಬಂತು. ಒಳ್ಳೆಯ ಹೆಜ್ಜೆ. ಆದರೆ ಬಿಡಿಭಾಗ ಅಂಗಡಿಯಲ್ಲೇ ಇಲ್ಲದಿದ್ದರೆ ಬೆಲೆ ಇಳಿದು ನಮಗೇನು ಬಂತು?

ಈಗ ಹೆಂಗಸರ ವಿಷಯ. ಕಳೆ ಕೀಳುವುದು, ನಾಟಿ ಹಾಕುವುದು, ಶೇಂಗಾ ಬಿಡಿಸುವುದು ಎಲ್ಲ ನಮ್ಮ ಕೆಲಸ. ಆದರೆ ಪಹಣಿ ಗಂಡನ ಹೆಸರಿನಲ್ಲೋ ಮಾವನ ಹೆಸರಿನಲ್ಲೋ ಇರುತ್ತದೆ. ಎಷ್ಟೋ ಮನೆಗಳಲ್ಲಿ ತೀರಿಹೋದ ಅಜ್ಜನ ಹೆಸರಿನಲ್ಲೇ ಇದೆ, ಪೌತಿ ಖಾತೆ ಆಗಿಲ್ಲ. ಪಹಣಿ ಇಲ್ಲದೆ ಎಫ್‌ಐಡಿ, ಅಂದರೆ ಸರ್ಕಾರ ರೈತರಿಗೆ ಕೊಡುವ ಗುರುತಿನ ಸಂಖ್ಯೆ, ಇಲ್ಲ; ಎಫ್‌ಐಡಿ ಇಲ್ಲದೆ ಸಹಾಯಧನ ಇಲ್ಲ. ಪಾಲಿಗೆ, ಲಾವಣಿಗೆ ಹೊಲ ಮಾಡುವವರಿಗಂತೂ ಯಾವ ಕಾಗದವೂ ಇಲ್ಲ. ನಿಜವಾಗಿ ಬೇಸಾಯ ಮಾಡುವವರು ಒಬ್ಬರು, ಯಂತ್ರ ಸಿಗುವುದು ಇನ್ನೊಬ್ಬರಿಗೆ. ಯಂತ್ರವನ್ನು ಮಾಡುವಾಗಲೂ ನಮ್ಮನ್ನು ನೆನೆಯುವುದಿಲ್ಲ. ಹದಿನಾರು ಲೀಟರ್ ಔಷಧಿ ತುಂಬಿದ ಪಂಪನ್ನು ಬೆನ್ನಿಗೆ ಹಾಕಿಕೊಂಡು ಸಾಲಿನಲ್ಲಿ ನಡೆದರೆ ಸೊಂಟ ಉಳಿಯುವುದಿಲ್ಲ. ಕಳೆ ತೆಗೆಯುವ ಯಂತ್ರ ಸ್ಟಾರ್ಟ್ ಮಾಡಲು ಹಗ್ಗ ಜಗ್ಗಿ ಜಗ್ಗಿ ತೋಳು ನೋಯುತ್ತದೆ. ಹಗುರ ಮಾಡಬಹುದು, ಸ್ವಿಚ್ ಇಡಬಹುದು. ಕೊಳ್ಳುವ ಮೊದಲು ಹೆಂಗಸರ ಕೈಗೆ ಕೊಟ್ಟು ಒಂದು ದಿನ ಕೆಲಸ ಮಾಡಿಸಿ ನೋಡಿದರೆ ಎಲ್ಲ ಗೊತ್ತಾಗುತ್ತದೆ.

ಡ್ರೋನ್ ದೀದಿ ಬಗ್ಗೆ ನನಗೆ ಆಸೆಯೂ ಇದೆ, ಆತಂಕವೂ ಇದೆ. ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಒಪ್ಪಿದ ಯೋಜನೆ. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವುದು, ಬೆಲೆಯ ಶೇಕಡ 80, ಹೆಚ್ಚೆಂದರೆ 8 ಲಕ್ಷ ರೂಪಾಯಿ ಸಹಾಯಧನ. ನಮ್ಮ ಕಡೆಯ ಹೆಣ್ಣುಮಕ್ಕಳು ಡ್ರೋನ್ ಹಾರಿಸುವುದನ್ನು ನೋಡಿದರೆ ಕಣ್ಣು ತುಂಬುತ್ತದೆ. ಔಷಧಿ ಉಸಿರಾಡುವ ಕಷ್ಟವೂ ತಪ್ಪುತ್ತದೆ. ಆದರೆ ಒಂದು ಜೊತೆ ಬ್ಯಾಟರಿ ಹತ್ತು ಹದಿನೈದು ನಿಮಿಷಕ್ಕೆ ಮುಗಿಯುತ್ತದೆ. ಹೊಲದಲ್ಲಿ ಚಾರ್ಜ್ ಎಲ್ಲಿ ಮಾಡಬೇಕು? ರೆಕ್ಕೆ ಮುರಿದರೆ ಎಲ್ಲಿಗೆ ಒಯ್ಯಬೇಕು? ವರ್ಷಗಳು ಕಳೆದ ಮೇಲೆ ಬ್ಯಾಟರಿ ಸೋತರೆ ಹೊಸದಕ್ಕೆ ಸಂಘದ ಹತ್ತಿರ ಹಣ ಎಲ್ಲಿದೆ? ಇದನ್ನೆಲ್ಲ ಈಗಲೇ ಯೋಚಿಸದಿದ್ದರೆ, ಡ್ರೋನ್ ಕೆಟ್ಟ ದಿನ ಎಲ್ಲರೂ ಹೇಳುವುದು ಒಂದೇ ಮಾತು: ಹೆಂಗಸರಿಗೆ ಕೊಟ್ಟಿದ್ದಕ್ಕೆ ಹೀಗಾಯಿತು. ಆ ಮಾತು ಅವರ ಮೇಲೆ ಬೀಳದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಕಲಿಸುವವರ ವಿಷಯಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆ ಉದಾಹರಣೆ ಇದೆ. 2009ರಲ್ಲಿ ಒಣಭೂಮಿ ಬೆಳೆಗಳ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ಸೇರಿ ಭೂಚೇತನ ಎನ್ನುವ ಯೋಜನೆ ಶುರು ಮಾಡಿದಿರಿ. ಮಣ್ಣು ಪರೀಕ್ಷೆ ಮಾಡಿದಾಗ ಒಣಭೂಮಿಯಲ್ಲಿ ಗಂಧಕ, ಸತು, ಬೋರಾನ್ ಕೊರತೆ ದೊಡ್ಡದಾಗಿ ಕಂಡಿತು. ಜಿಪ್ಸಂ, ಜಿಂಕ್ ಸಲ್ಫೇಟ್, ಬೋರಾಕ್ಸ್ ಹಾಕಿದ ಹೊಲಗಳಲ್ಲಿ ಇಳುವರಿ ಏರಿತು. ಶೇಂಗಾಕ್ಕೆ ಜಿಪ್ಸಂ ಹಾಕಿದರೆ ಕಾಯಿ ತುಂಬುತ್ತದೆ ಎನ್ನುವುದು ನಮ್ಮ ಕಡೆ ಈಗ ಮಕ್ಕಳಿಗೂ ಗೊತ್ತು. ಆ ಜ್ಞಾನ ಹಳ್ಳಿಗೆ ಬಂದದ್ದು ಅನುವುಗಾರರಿಂದ. ಅವರು ಅದೇ ಊರಿನವರು, ಅವರೂ ರೈತರು. ನಮ್ಮ ಭಾಷೆಯಲ್ಲೇ, ನಮ್ಮ ಹೊಲದಲ್ಲೇ ನಿಂತು ಹೇಳುತ್ತಿದ್ದರು. ಅವರಿಗೆ ಸಿಗುತ್ತಿದ್ದುದು ಸಣ್ಣ ಗೌರವಧನ. ಆಮೇಲೆ ಆ ವ್ಯವಸ್ಥೆ ಸೊರಗಿತು. 2015ರಿಂದ ಮಣ್ಣು ಆರೋಗ್ಯ ಚೀಟಿ ಬಂತು. ಅದರಲ್ಲಿ 12 ಅಂಶಗಳ ಲೆಕ್ಕ ಇರುತ್ತದೆ. ಆದರೆ ಗೊಬ್ಬರದ ಶಿಫಾರಸು ಹೆಕ್ಟೇರಿಗೆ ಇಷ್ಟು ಕಿಲೋ ಅಂತ ಇದ್ದರೆ, ಎಕರೆಗೆ ಎಷ್ಟು ಚೀಲ ಅಂತ ಲೆಕ್ಕ ಹಾಕಿ ಹೇಳುವವರು ಬೇಕು. ಅವರಿಲ್ಲದೆ ಎಷ್ಟೋ ಚೀಟಿಗಳು ಪಹಣಿ ಕಾಗದದ ಜೊತೆ ಟ್ರಂಕಿನಲ್ಲಿವೆ.

ಮಳೆ, ಹವಾಮಾನದ ಮಾಹಿತಿ ಕೊಡುವ ವರುಣಮಿತ್ರ ಸಹಾಯವಾಣಿಯನ್ನೂ ನೆನಪಿಸಿಕೊಳ್ಳಿ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದ್ದೀರಿ, ಅದರ ಲೆಕ್ಕ ಬೆಂಗಳೂರಿಗೆ ತಾನಾಗಿ ಹೋಗುತ್ತದೆ. ರೈತರು ಫೋನ್ ಮಾಡಿದರೆ ಮನುಷ್ಯರೇ ಕನ್ನಡದಲ್ಲಿ ಉತ್ತರ ಕೊಡುತ್ತಾರೆ. ಒಳಗಿರುವ ತಂತ್ರಜ್ಞಾನ ಎಷ್ಟೇ ದೊಡ್ಡದಾಗಿರಲಿ, ನಮಗೆ ಸಿಗುವುದು ಒಂದು ಧ್ವನಿ. ಔಷಧಿ ಹೊಡೆಯಬೇಕಾ, ಎರಡು ದಿನ ತಡೆಯಬೇಕಾ ಅಂತ ಕೇಳಿ ಕೆಲಸ ಮಾಡುತ್ತೇವೆ. ಯಂತ್ರಗಳಿಗೂ ಇಂಥ ಒಂದು ಸಹಾಯವಾಣಿ ಯಾಕೆ ಇರಬಾರದು?

ಹಾಗಾಗಿ ನನ್ನ ಬೇಡಿಕೆಗಳನ್ನು ನೇರವಾಗಿ ಬರೆಯುತ್ತೇನೆ. ಯಂತ್ರೀಕರಣ ಮತ್ತು ಹನಿ ನೀರಾವರಿಗೆ ಇಡುವ ಹಣದಲ್ಲಿ ಕನಿಷ್ಠ ಹತ್ತನೇ ಒಂದು ಭಾಗ ರಿಪೇರಿ, ಬಿಡಿಭಾಗ, ತರಬೇತಿಗೆ ಎಂದು ಬಜೆಟ್‌ನಲ್ಲೇ ಬೇರೆ ತೋರಿಸಿ. ಪ್ರತಿ ಹೋಬಳಿಯಲ್ಲಿ ಒಂದು ವರ್ಕ್‌ಶಾಪ್ ಇರಲಿ, ಅದನ್ನು ಊರಿನ ಐಟಿಐ ಹುಡುಗರು, ಹುಡುಗಿಯರು ನಡೆಸಲಿ. ಆ ಭಾಗದ ಯಂತ್ರಗಳಲ್ಲಿ ಪದೇ ಪದೇ ಮುರಿಯುವ ಭಾಗಗಳು ಮೇ ತಿಂಗಳಲ್ಲೇ ಅಲ್ಲಿಗೆ ಬಂದು ಕೂತಿರಲಿ. ಡ್ರಿಪ್ ಹಾಕುವ, ಯಂತ್ರ ಮಾರುವ ಏಜೆನ್ಸಿಗಳಿಗೆ ಸಹಾಯಧನದ ಹಣ ಒಂದೇ ಸಲ ಕೊಡಬೇಡಿ. ಒಂದು ಪಾಲು ಹಿಡಿದಿಟ್ಟು, ಎರಡು ಬೆಳೆ ಮುಗಿದ ಮೇಲೆ, ಯಂತ್ರ ನಡೆಯುತ್ತಿದೆ ಎಂದು ರೈತರು ಒಪ್ಪಿದ ಮೇಲೆ ಬಿಡುಗಡೆ ಮಾಡಿ. ಈಗ ಅವರು ಫೋನ್ ಎತ್ತುವುದಿಲ್ಲ. ಆಗ ಅವರೇ ನಮಗೆ ಫೋನ್ ಮಾಡುತ್ತಾರೆ.

ಬಾಡಿಗೆ ಕೇಂದ್ರಗಳಲ್ಲಿ ಹದದ ವಾರಕ್ಕೆ ಸರದಿ ಪಟ್ಟಿ ಗೋಡೆ ಮೇಲೆ ಬರೆಯುವಂತೆ ಮಾಡಿ. ಎರಡು ಮೂರು ಎಕರೆಯವರಿಗೆ, ಒಂಟಿ ಹೆಂಗಸರಿಗೆ ಮೊದಲ ಸರದಿ ಇರಲಿ. ಊರಿನಲ್ಲಿ ಸ್ವಂತ ಟ್ರ್ಯಾಕ್ಟರ್ ಇರುವವರೂ ಆ ವಾರ ಕೇಂದ್ರದ ಪಟ್ಟಿಗೆ ಸೇರಿ ನಿಗದಿ ಬಾಡಿಗೆಗೆ ಬಿತ್ತಿಕೊಡುವಂತೆ ಮಾಡಬಹುದು, ಅವರಿಗೂ ಆದಾಯ. ಪಹಣಿ ಇಲ್ಲದ ಬೇಸಾಯಗಾರರಿಗೆ ಗ್ರಾಮ ಪಂಚಾಯಿತಿ ಕೊಡುವ ಬೇಸಾಯದ ದೃಢೀಕರಣ ಒಂದೇ ಸಾಕು ಎಂದು, ಬಾಡಿಗೆ ರಿಯಾಯಿತಿಗಾದರೂ, ಆದೇಶ ಮಾಡಿ. ಅನುವುಗಾರರನ್ನು ವಾಪಸ್ ತನ್ನಿ. ಹಂಗಾಮಿಗೆ ಮಾತ್ರ ಬೇಡ, ವರ್ಷಪೂರ್ತಿ ತನ್ನಿ, ಅರ್ಧದಷ್ಟು ಹೆಂಗಸರಿರಲಿ. ಮತ್ತು ಪ್ರತಿ ಹೋಬಳಿಯಲ್ಲಿ ಎಷ್ಟು ಯಂತ್ರ ಕೊಟ್ಟಿದ್ದೀರಿ ಎನ್ನುವ ಲೆಕ್ಕದ ಪಕ್ಕದಲ್ಲೇ, ಅದರಲ್ಲಿ ಇವತ್ತು ಎಷ್ಟು ಓಡುತ್ತಿವೆ ಎನ್ನುವ ಲೆಕ್ಕವನ್ನೂ ಹಾಕಿ.

ಇದಕ್ಕೆಲ್ಲ ಹೊಸ ಕಾನೂನು ಬೇಡ, ದೊಡ್ಡ ಸಾಲವೂ ಬೇಡ. ಒಂದು ತಾಲೂಕಿನಲ್ಲಿ ಮೊದಲು ಮಾಡಿ ನೋಡಬಹುದು. ಚಳ್ಳಕೆರೆಯಲ್ಲೇ ಮಾಡಿ ಎಂದು ಕೇಳುತ್ತೇನೆ. ನಮ್ಮ ಮಹಿಳಾ ಸಂಘದ ಕಡೆಯಿಂದ ಕೆಟ್ಟು ನಿಂತಿರುವ ಯಂತ್ರಗಳ, ಸುತ್ತಿಟ್ಟ ಡ್ರಿಪ್ ಪೈಪುಗಳ ಪಟ್ಟಿಯನ್ನು ಹಳ್ಳಿ ಹಳ್ಳಿ ತಿರುಗಿ ಬರೆದುಕೊಡಲು ನಾವು ತಯಾರಿದ್ದೇವೆ. ಅಧಿಕಾರಿಗಳನ್ನು ಕಳಿಸುವುದಾದರೆ ಮೇ ತಿಂಗಳ ಮೊದಲ ವಾರದೊಳಗೆ ಕಳಿಸಿ. ಆಮೇಲೆ ಬಂದರೆ ಬಿಡಿಭಾಗ ತರಿಸಲು ಸಮಯ ಇರುವುದಿಲ್ಲ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಚಳ್ಳಕೆರೆ ತಾಲೂಕಿನ ರೈತ ಮಹಿಳೆ